ಅರವತ್ತು ದಾಟಿದ ಹಾಡು

ಏಳು ಕಡಲಿನಾಚೆ ಒಂದು ದೇಶವಂತೆ; ಅಲ್ಲಿ ಹಾಡು ಕಟ್ಟಿದವರು ತೀರಿಕೊಂಡು ಎಪ್ಪತ್ತು ವರ್ಷ ಕಳೆಯುವ ತನಕ ಹಾಡಿಗೆ ಬಿಡುಗಡೆಯಿಲ್ಲವಂತೆ. ಈಚೆ ದಡದಲ್ಲಿ ಅರವತ್ತೇ ಸಾಕಂತೆ.

ಕಳಲೆಯಲ್ಲಿ ಸಂಗೀತದ ಮೇಷ್ಟ್ರ ಗದ್ದುಗೆಯೆದುರು ತಂಬೂರಿ ಹಿಡಿದು ಕೂತಿದ್ದ ನಂದಿತಾಗೆ ಚಿಕ್ಕಪ್ಪ ಬಸವಪ್ರಸಾದ್ ಮೊಬೈಲ್ ತೋರಿಸಿದ. "ಹಾಡ್ಬೇಡ ಕಣವ್ವ. ಮೇಷ್ಟ್ರ ಕೃತಿ ಹಕ್ಕು ಕೊಂಡಿರೋ ಅಮೆರಿಕಾ ಕಂಪನಿಯೋರು ನಾವು ಫೇಸ್‌ಬುಕ್ಕಿಗೆ ಹಾಕಿದ್ದ ಇವತ್ತಿನ ಹಾಡುಗಾರಿಕೆ ಕರಪತ್ರ ನೋಡಿ ನೋಟಿಸ್ ಕಳಿಸವ್ರೆ. ಇನ್ನೂ ಒಂಬತ್ತು ವರ್ಷ ಅದು ಅವರದೇ ಅಂತೆ."

ಪಕ್ಕದಲ್ಲಿದ್ದ ಅಜ್ಜಿ ಮಲ್ಲಾಜಮ್ಮ ತಲೆ ತಗ್ಗಿಸಿದಳು. ಮೇಷ್ಟ್ರು ಕಲಿಸಿದ ಆ ಕೃತಿಯನ್ನು ಮದುವೆಯಾದ ಮೇಲೆ ಅವಳು ಒಮ್ಮೆಯೂ ಬಾಯಿಬಿಟ್ಟು ಹಾಡಿರಲಿಲ್ಲ. ಅವರ ಗದ್ದುಗೆಯ ಮುಂದೆ ತಾನು ಹಾಡುತ್ತೇನೆಂದು ಮೊಮ್ಮಗಳು ಮಾತು ಕೊಟ್ಟಿದ್ದಳು.

ನಂದಿತಾ ಸೆರಗಿನಿಂದ ಕಲ್ಲಿನ ಮೇಲಿದ್ದ ವಿಭೂತಿ ಒರೆಸಿದಳು. ಮೇಷ್ಟ್ರು ಲಿಂಗೈಕ್ಯರಾದ ವರ್ಷ ಎದ್ದು ಕಂಡಿತು: ೧೯೬೪. "ಇದರ ಫೋಟೊ ಕಳ್ಸಿ ಚಿಕ್ಕಪ್ಪ. ಅರವತ್ತು ದಾಟಿದೆ. ಇಲ್ಲಿ ಇದು ಎಲ್ಲಾರದು."

"ಅಲ್ಲಿನ ಕಾನೂನು?"

"ಅಲ್ಲಿ ಬೇಕಾದ್ರೆ ಕಿವಿ ಮುಚ್ಕೊಳ್ಲಿ. ನಾನು ಕೂತಿರೋದು ಕಳಲೇಲಿ."

ಅವಳು ತಂಬೂರಿ ಮೀಟಿ ಪಲ್ಲವಿ ಎತ್ತಿಕೊಂಡಳು. ಅಜ್ಜಿಯ ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ಚರಣ ಮುಗಿಯುವಾಗ ಗದ್ದುಗೆಯ ಮುಂದೆ ಎರಡು ದನಿಗಳಿದ್ದವು.