ಕೊನೆಯ ಅರವತ್ತು ಪುಟ

ಸಂಜೆ ಐದರೊಳಗೆ ತೀರ್ಪಿನ ಅಂಕಪಟ್ಟಿ ಬೇಕೆಂದು ಸಾಹಿತ್ಯ ಪ್ರತಿಷ್ಠಾನದವರ ಫೋನು ಬಂದಾಗ ರಾಧಾಮಣಿಯವರ ಕೈಯಲ್ಲಿದ್ದ ಪುಸ್ತಕದಲ್ಲಿ ಇನ್ನೂ ಅರವತ್ತು ಪುಟ ಬಾಕಿಯಿತ್ತು. ಬಹುಮಾನಕ್ಕೆ ಬಂದಿದ್ದ ಹನ್ನೊಂದು ಕಾದಂಬರಿಗಳಲ್ಲಿ ಹತ್ತನ್ನು ಅವರು ಮುಗಿಸಿದ್ದರು. ಇದು ಹನ್ನೊಂದನೆಯದು, 'ಏಳು ಹೊಳೆಯ ನಾಡು' ಎಂಬ ಕಲ್ಪಿತ ಲೋಕದ ಮಹಾಕಥೆಯ ಮೂರನೇ ಸಂಪುಟ. ಮೊದಲೆರಡು ಸಂಪುಟಗಳನ್ನು ಅವರು ಊಟ ಮರೆತು ಓದಿದ್ದರು. ಇದರ ನಡುವಿನ ಯುದ್ಧ ಮಾತ್ರ ಮುಗಿಯುವಂತೆಯೇ ಕಾಣದೆ, ರಾಣಿಯ ಪಟ್ಟಾಭಿಷೇಕಕ್ಕೆ ಬಂದು ಮುಟ್ಟುವಷ್ಟರಲ್ಲಿ ಅವರಿಗೆ ಸಾಕಾಗಿತ್ತು. ಮೂವತ್ತು ವರ್ಷ ಕಾಲೇಜಿನಲ್ಲಿ ಕನ್ನಡ ಪಾಠ ಹೇಳಿದವರಿಗೆ ಉಳಿದದ್ದು ಹೇಗಿದ್ದೀತೆಂದು ಊಹಿಸುವುದು ಕಷ್ಟವೇ? ನೂರಕ್ಕೆ ಐವತ್ತೆಂಟು ಕೊಟ್ಟು, ಷರಾದಲ್ಲಿ 'ಅಂತ್ಯ ಅನಗತ್ಯವಾಗಿ ಬೆಳೆದಿದೆ, ಪಟ್ಟಾಭಿಷೇಕಕ್ಕೇ ನಿಲ್ಲಿಸಬಹುದಿತ್ತು' ಎಂದು ಬರೆದು ಕಳಿಸಿಬಿಟ್ಟರು. ಬಹುಮಾನ ಬೇರೊಂದು ಪುಸ್ತಕಕ್ಕೆ ಹೋಯಿತು.

ತಿಂಗಳ ಮೇಲೆ ಒಂದು ದಿನ ಯಶವಂತಪುರದ ತಂಗಿಯ ಮನೆಗೆ ಹೊರಟಾಗ, ಬಸ್ಸಿನಲ್ಲಿ ಹೊತ್ತು ಕಳೆಯಲೆಂದು ಅದೇ ಪುಸ್ತಕವನ್ನು ಕೈಗೆತ್ತಿಕೊಂಡರು. ಪಟ್ಟಾಭಿಷೇಕ ಮುಗಿದ ಮೇಲೆ ಹೊನ್ನಾರಿ ಎಂಬ ಆ ರಾಣಿ ಯಾರಿಗೂ ಹೇಳದೆ ಅರಮನೆ ಬಿಟ್ಟು, ತಾನು ಹುಟ್ಟಿದ ಹೊಳೆಗೆ ಹಿಂತಿರುಗಿ ಮತ್ತೆ ದೋಣಿ ನಡೆಸುತ್ತಾಳೆ. ಎಷ್ಟೋ ವರ್ಷದ ಮೇಲೆ, ಅವಳ ಸೈನ್ಯದಲ್ಲಿ ಕಾಲು ಕಳೆದುಕೊಂಡ ಮುದುಕನೊಬ್ಬ ದೋಣಿ ಹತ್ತುತ್ತಾನೆ. ಗುರುತು ಸಿಗದೆ ಅವಳೆದುರೇ ಅವಳ ಯುದ್ಧದ ಕಥೆ ಹೇಳುತ್ತಾನೆ. ನಡುಹೊಳೆಯಲ್ಲಿ ಬುತ್ತಿ ಬಿಚ್ಚಿ, ಹಸಿದಂತೆ ಕಾಣುತ್ತೀಯಲ್ಲ ತಾಯಿ ಎಂದು ಅರ್ಧ ರೊಟ್ಟಿ ಮುರಿದು ಕೊಡುತ್ತಾನೆ. ರಾಧಾಮಣಿ ಯಶವಂತಪುರದಲ್ಲಿ ಇಳಿಯಲಿಲ್ಲ. ಕಡೆಯ ನಿಲ್ದಾಣದಲ್ಲಿ ಕಂಡಕ್ಟರ್ ಬಂದು ಇಳಿಯಿರಿ ಎಂದ ಮೇಲೆ ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ಉಳಿದ ಏಳು ಪುಟ ಓದಿ ಮುಗಿಸಿದರು.

ಲೇಖಕನ ಫೋನ್ ನಂಬರು ಪುಸ್ತಕದ ಒಳಪುಟದಲ್ಲೇ ಇತ್ತು. ಎರಡು ಸಲ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದರು. ಆದದ್ದು ಆಗಿಹೋಯಿತು, ಷರಾ ಯಾವುದೋ ಕಡತದಲ್ಲಿ ಬಿದ್ದಿರುತ್ತದೆ, ಅದರಿಂದ ಯಾರಿಗೇನು ನಷ್ಟ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಅದಾಗಿ ನಾಲ್ಕು ತಿಂಗಳ ಮೇಲೆ, ಡಿಸೆಂಬರಿನ ಒಂದು ಭಾನುವಾರ ಬೆಳಿಗ್ಗೆ ಆ ಲೇಖಕನೇ ವಿದ್ಯಾರಣ್ಯಪುರದ ಅವರ ಮನೆ ಹುಡುಕಿಕೊಂಡು ಬಂದ. ಹೇಮಂತ, ಕೊಪ್ಪಳ ಕಡೆಯವನು. ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ, ಅಬ್ಬಿಗೆರೆಯಲ್ಲಿ ಬಾಡಿಗೆ ಮನೆ. ಹೆಲ್ಮೆಟ್ಟನ್ನು ಚಪ್ಪಲಿಯ ಪಕ್ಕದಲ್ಲೇ ಬಿಟ್ಟು ಒಳಗೆ ಬಂದು, ಚೀಲದಿಂದ ಹೊಸ ಪುಸ್ತಕ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಪ್ರತಿಷ್ಠಾನದವರು ತೀರ್ಪುಗಾರರ ಷರಾಗಳನ್ನು ಹೆಸರಿನ ಸಮೇತ ಲೇಖಕರಿಗೂ ಕಳಿಸಿಕೊಟ್ಟಿದ್ದರಂತೆ. ಪ್ರಕಾಶಕರು ಮೂರೂ ಸಂಪುಟಗಳನ್ನು ಮತ್ತೆ ಅಚ್ಚು ಹಾಕಿಸುತ್ತೇವೆ ಎಂದಾಗ, ರಾಧಾಮಣಿಯವರ ಷರಾದಂತೆ ಕೊನೆಯ ಅರವತ್ತು ಪುಟ ತೆಗೆದುಹಾಕಿದ್ದನಂತೆ. ಹೋದ ತಿಂಗಳಷ್ಟೇ ಅಚ್ಚಿಗೆ ಹೋಗಿತ್ತು.

"ಎಲ್ಲಾರೂ ಛಲೋ ಐತಿ ಅಂದು ಸುಮ್ನಾಗ್ತಾರ್ರೀ ಮೇಡಂ. ಎಲ್ಲಿ ತಪ್ಪೇತಿ ಅಂತ ತೋರ್ಸಿದವ್ರು ನೀವೊಬ್ರ. ಪೂರಾ ಓದಿದವ್ರಿಗೆ ಮಾತ್ರ ಅದು ಗೊತ್ತಾಗ್ತೈತಿ."

ರಾಧಾಮಣಿ ಪುಸ್ತಕದ ಕೊನೆಯ ಪುಟ ತೆರೆದು ನೋಡಿದರು. ಕಹಳೆ ಊದಿತು, ರಾಣಿ ಸಿಂಹಾಸನ ಏರಿದಳು, ಜನ ಜಯಕಾರ ಹಾಕಿದರು. ಅಲ್ಲಿಗೆ ಮುಗಿದಿತ್ತು. ಹೇಳದೆ ಇದ್ದುಬಿಡಬಹುದಿತ್ತು. ಅವನು ಕಾಫಿ ಕುಡಿದು ಸಂತೋಷದಿಂದಲೇ ಹೋಗುತ್ತಿದ್ದ. ಆದರೆ ಲೋಟ ಅವನ ಕೈಗಿಟ್ಟ ಮೇಲೆ ಅವರಿಗೆ ತಡೆಯಲಾಗಲಿಲ್ಲ.

"ಹೇಮಂತ, ಅದನ್ನ ಬರೆದಾಗ ನಾನು ಕೊನೆ ಓದಿರಲಿಲ್ಲ."

ಅವನಿಗೆ ತಕ್ಷಣ ಅರ್ಥವಾಗಲಿಲ್ಲ. "ಮತ್ತ ಉದ್ದ ಆಗೇತಿ ಅಂತ ಹೆಂಗ ಗೊತ್ತಾತ್ರಿ?"

"ಗೊತ್ತಾಗಿರಲಿಲ್ಲಪ್ಪ. ಮಧ್ಯದಲ್ಲಿ ಎಳೆದ ಹಾಗಿತ್ತು, ಕೊನೇನೂ ಹಾಗೇ ಇರತ್ತೆ ಅಂದ್ಕೊಂಡೆ."

ಹೇಮಂತ ಸಿಟ್ಟಾಗಲಿಲ್ಲ. ಆಗಿದ್ದರೆ ಅವರಿಗೆ ಎಷ್ಟೋ ಹಗುರಾಗುತ್ತಿತ್ತು.

"ಆಮ್ಯಾಲಾದ್ರೂ ಓದಿದ್ರೇನ್ರಿ?"

"ಓದಿದೆ. ಬಸ್ಸಲ್ಲಿ."

"ಹೆಂಗಿತ್ರಿ?"

ರಾಧಾಮಣಿ ಹೇಳಿದರು. ಇಳಿಯುವ ಸ್ಟಾಪು ದಾಟಿಹೋದದ್ದು, ಮುದುಕ ರೊಟ್ಟಿ ಮುರಿದಲ್ಲಿ ಪುಸ್ತಕ ಮುಚ್ಚಿ ಕೂತದ್ದು, ಆ ರೊಟ್ಟಿಯ ಮುಂದೆ ಮೂರು ಸಂಪುಟದ ಯುದ್ಧವೆಲ್ಲ ಸಣ್ಣದಾದದ್ದು. ಫೋನು ಮಾಡಲು ಹೋಗಿ ಬಿಟ್ಟದ್ದನ್ನೂ ಮುಚ್ಚಿಡಲಿಲ್ಲ. ಅವನು ತಲೆ ತಗ್ಗಿಸಿಕೊಂಡು ಒಂದು ಮಾತೂ ತಪ್ಪಿಹೋಗದ ಹಾಗೆ ಕೇಳಿಸಿಕೊಂಡ. ನಾನೇ ಪ್ರಕಾಶಕರಿಗೆ ಪತ್ರ ಬರೆಯುತ್ತೇನೆ, ಮುಂದಿನ ಮುದ್ರಣದಲ್ಲಿ ಆ ಪುಟಗಳನ್ನು ಸೇರಿಸಲಿ ಎಂದು ಅವರು ಹೇಳಿದಾಗ, ಆಗಲಿ ಎಂದು ತಲೆಯಾಡಿಸಿದ. ಮುಂದಿನ ಮುದ್ರಣ ಬರುತ್ತದೆಂಬ ನಂಬಿಕೆ ಇಬ್ಬರಿಗೂ ಇರಲಿಲ್ಲ.

ಕಾಫಿ ಮುಗಿಸಿ ಎದ್ದ. ಬಾಗಿಲಿನವರೆಗೆ ಹೋಗಿ, ಚಪ್ಪಲಿ ಮೆಟ್ಟುತ್ತಾ, ಅವರ ಮುಖ ನೋಡದೆ ಹೇಳಿದ:

"ಒಂಬತ್ತು ವರ್ಷದ ಹಿಂದ ಮೊದ್ಲು ಬರ್ದಿದ್ದು ಆ ರೊಟ್ಟಿದ ಪುಟಾನ ರೀ ಮೇಡಂ. ಅಲ್ಲಿಗೆ ಮುಟ್ಟಾಕ ಅಂತ ಉಳಿದಿದ್ದೆಲ್ಲ ಬರ್ದೆ."