ಬೆರಳ ಸಂದಿ

"ಬಾ ಪುಟ್ಟಿ, ಇನ್ನು ಭಯ ಇಲ್ಲ. ಟೆಸ್ಟಲ್ಲಿ ಅಮ್ಮಂಗೆ ಏನೂ ಇಲ್ಲ ಅಂತ ಬಂತು," ಎಂದು ನರ್ಸಮ್ಮ ಹಿತ್ತಲಲ್ಲಿ ಮಂಡಿಯೂರಿ ತೋಳು ಚಾಚಿದಳು. ಸೋಂಕಿನವರ ಮನೆಮನೆಗೆ ಹೋಗಿಬರುತ್ತಿದ್ದ ಅವಳು ಇಷ್ಟು ದಿನ ಹಿತ್ತಲ ಕೋಣೆಯಲ್ಲೇ ಇದ್ದಳು. ಮಗಳು ಮಾತ್ರ, ಅಮ್ಮನೇ ಇದ್ದಿಲಿನಿಂದ ಎಳೆದಿದ್ದ ಗೆರೆಯ ಆಚೆ, ಅಜ್ಜಿಯ ಸೆರಗಿನ ಹಿಂದೆ ಅವಿತು ನಿಂತಳು.

"ದಾಟಬಾರ್ದು ಅಂದಿದ್ದು ನೀನೇ ಅಲ್ವಾ?"

"ಊರಿಗೆಲ್ಲ ಪಾಠ ಹೇಳಿದ್ಯಲ್ಲಮ್ಮ, ಈಗ ಅನುಭವಿಸು," ಎಂದು ಆ ಅಜ್ಜಿ, ನರ್ಸಮ್ಮನ ಅತ್ತೆ, ನಕ್ಕರು. ನರ್ಸಮ್ಮನಿಗೂ ನಗು ಬಂತು. ಆದರೆ ಚಾಚಿದ ತೋಳುಗಳು ಮೆಲ್ಲಗೆ ಕೆಳಗಿಳಿದವು. ಬಲವಂತವಾಗಿ ಎತ್ತಿಕೊಳ್ಳಲು ಮನಸ್ಸಾಗಲಿಲ್ಲ. ಸೀಬೆ ಮರದಿಂದ ಗಿಳಿಯೊಂದು ಅರ್ಧ ತಿಂದ ಹಣ್ಣನ್ನು ಕೆಳಗೆ ಹಾಕಿತು. ಯಾರೂ ಅತ್ತ ನೋಡಲಿಲ್ಲ.

"ಕೈ ತೊಳೆದ್ಯಾ?" ಪುಟ್ಟಿ ಕೇಳಿದಳು.

"ಈಗ ತಾನೇ ತೊಳೆದೆ ಕಣೇ."

"ಬೆರಳ ಸಂದಿ?"

ಅಮ್ಮ ತನ್ನ ಬೆರಳುಗಳನ್ನು ನೋಡಿಕೊಂಡು, "ಅಯ್ಯೋ, ಮರೆತೇಬಿಟ್ಟೆ," ಎಂದು ಸುಳ್ಳು ಹೇಳಿದಳು.

"ನಿಂಗೆ ಕೈ ತೊಳೆಯೋಕೂ ಬರಲ್ಲ!" ಪುಟ್ಟಿ ಓಡಿಬಂದು ಅಮ್ಮನ ಕೈ ಹಿಡಿದು ನಲ್ಲಿಗೆ ಎಳೆದೊಯ್ದಳು. ಸೋಪು ಹಚ್ಚಿ, ಒಂದೊಂದೇ ಬೆರಳ ಸಂದಿ ಉಜ್ಜಿದಳು. ನೊರೆಯೆಲ್ಲ ಹೋದ ಮೇಲೂ ಹೆಬ್ಬೆರಳನ್ನು ಬಿಡಲಿಲ್ಲ. ಒಂದು ಚೊಂಬು ನೀರು ಹೆಚ್ಚು ಚೆಲ್ಲಿದರೂ ಗದರುವ ಅತ್ತೆ, ಅಂದು ನಲ್ಲಿ ನಿಲ್ಲಿಸಲು ಹೋಗಲಿಲ್ಲ.