ಬೆಚ್ಚಗಾಗುತ್ತಿದ್ದ ಗೋಡೆ

ಮಕ್ಕಳೇ, ರಬ್ಬರು ಸುಟ್ಟ ವಾಸನೆ ಬಂದರೆ ನಾನು ಈಗಲೂ ಗೋಡೆ ಮುಟ್ಟಿ ನೋಡುತ್ತೇನೆ.

ಇನ್ನಂಜೆಯ ನಮ್ಮ ಮನೆಗೆ ಕರೆಂಟು ಬಂದ ವರ್ಷ, ಬಾವಿಯ ಪಂಪು ತಿರುಗುವಾಗಲೆಲ್ಲ ದೈವದ ಕೋಣೆಯ ಗೋಡೆ ಜ್ವರದ ಮೈಯಂತೆ ಬೆಚ್ಚಗಾಗುತ್ತಿತ್ತು. "ದೈವ ಎಚ್ಚರ ಉಂಟು" ಎಂದು ಅಜ್ಜಿ ನನ್ನ ತಮ್ಮನ ತೊಟ್ಟಿಲನ್ನು ಆ ಗೋಡೆಗೇ ತಾಗುವಂತೆ ಕಟ್ಟಿಸಿದರು.

ಒಂದು ಮಧ್ಯಾಹ್ನ ವಾಸನೆ ಹೆಚ್ಚಾಗಿ, ಅಪ್ಪ ವಯರ್‌ಮ್ಯಾನನ್ನು ಕರೆತಂದರು. ಅವನು ವಯರು ಮುಚ್ಚಿದ್ದ ಮರದ ಪಟ್ಟಿ ಕಿತ್ತ. ತೊಟ್ಟಿಲಿನ ಹಿಂದೆ ಅದರ ಒಳಮೈ ಇದ್ದಿಲಾಗಿತ್ತು.

"ಬಲ್ಬಿನ ಸಪೂರ ವಯರಿಗೆ ಪಂಪು ಕೊಟ್ಟದ್ದು ಎಂತಕ್ಕೆ ಮಾರಾಯರೇ? ದಪ್ಪದ್ದು ಬೇಕಲ್ವಾ?"

ಅಪ್ಪ ಬಾಗಿ, ಕಿತ್ತ ಪಟ್ಟಿಯನ್ನು ಎತ್ತಿ ಗೋಡೆಗೆ ಒರಗಿಸಿಟ್ಟರು.

ಅಜ್ಜಿ ಇದ್ದಿಲನ್ನು ಸವರಿ, "ಬೆಂಕಿ ಹೊರಗೆ ಬರಲಿಲ್ಲ ನೋಡು. ದೈವ ಕೈ ಅಡ್ಡ ಹಿಡಿದದ್ದು" ಎಂದರು.

ಅಮ್ಮ ತೊಟ್ಟಿಲಿನಿಂದ ಮಗುವನ್ನು ಎತ್ತಿಕೊಂಡರು. ನಾನು ತಮ್ಮನನ್ನು ಮುಟ್ಟಿದೆ. ಅವನ ಬೆನ್ನು ಗೋಡೆಯಷ್ಟೇ ಬೆಚ್ಚಗಿತ್ತು.